ಹಸಿದ ಕುದುರೆಯ ಮುಂದೆ ಹುರುಳಿ ಬಕೆಟ್

ವೀಕೆಂಡಿಗೆ ಮೈಸೂರಿನ ಮನೆಗೆ ಹೋದಾಗಲೆಲ್ಲ ಟಾಂಗಾ ಸ್ಟ್ಯಾಂಡ್ ದಾಟಿಯೇ ಹೋಗಬೇಕು. ಹೋದ ವರ್ಷ ಅಲ್ಲೊಂದು ಕಂದು ಕುದುರೆ ನಿಂತಿತ್ತು. ಪಕ್ಕೆಲುಬು ಎಣಿಸಬಹುದಿತ್ತು. ಪಟ್ಟಿ ಉಜ್ಜಿದ ಕಡೆಯೆಲ್ಲ ಹುಣ್ಣು, ಅದರ ಮೇಲೆ ನೊಣ. ಗೊರಸು ಬೆಳೆದು ಮುಂದಕ್ಕೆ ಚಾಚಿಕೊಂಡಿತ್ತು.

ನನಗೆ ಸಿಟ್ಟು ನೆತ್ತಿಗೇರಿತು. ಪಕ್ಕದಲ್ಲಿ ಕೂತಿದ್ದ ಟಾಂಗಾ ತಾತನಿಗೆ ಮೊಬೈಲ್ ನೋಡಿಕೊಂಡು ಕಾನೂನು ಹೇಳಿದೆ. ಹುಣ್ಣಾಗಿ ಕೆಲಸಕ್ಕೆ ಲಾಯಕ್ಕಿಲ್ಲದ ಪ್ರಾಣಿಯನ್ನು ದುಡಿಸೋದು 1960ರ ಕಾಯ್ದೆ ಪ್ರಕಾರ ಅಪರಾಧ. 1965ರ ನಿಯಮದಂತೆ ದಿನಕ್ಕೆ 9 ಗಂಟೆಗಿಂತ ಹೆಚ್ಚು ಗಾಡಿ ಎಳೆಸೋ ಹಾಗಿಲ್ಲ, ಒಂದೇ ಸಮನೆ 5 ಗಂಟೆ ಮೀರುವ ಹಾಗೂ ಇಲ್ಲ.

ತಾತ ಪೂರ್ತಿ ಕೇಳಿಸಿಕೊಂಡ್ರು. "ಮೂರು ತಿಂಗಳು ಹಾಸಿಗೆ ಹಿಡಿದಿದ್ದೆ ಕಣಪ್ಪ. ನೋಡ್ಕೊಳ್ಳಿ ಅಂತ ಒಬ್ಬರ ಕೈಗೆ ಕೊಟ್ಟಿದ್ದೆ. ದುಡಿಸ್ಕೊಂಡ್ರು, ಮೇವು ಹಾಕ್ಲಿಲ್ಲ. ನಿನ್ನೆ ಬಿಡಿಸ್ಕೊಂಡು ಬಂದೆ" ಅಂದ್ರು.

ನಾಚಿಕೆಯಾಯ್ತು. ತಪ್ಪು ಸರಿಮಾಡಿಕೊಳ್ಳೋಣ ಅಂತ ಮನೆಗೆ ಓಡಿ, ಅಮ್ಮನ ಹತ್ರ ಹುರುಳಿ ಬೇಯಿಸಿಸಿ ಬಕೆಟ್ ತುಂಬ ತಂದಿಟ್ಟೆ. ಕುದುರೆ ಬಾಯಿ ಹಾಕೋ ಹೊತ್ತಿಗೆ ತಾತ ಬಕೆಟ್ ಕಿತ್ತುಕೊಂಡ್ರು. "ಸಾಯಿಸ್ಬೇಕು ಅಂತಿದ್ದೀಯಾ?"

ಸಂಜೆ ಬಂದ ಪಶುವೈದ್ಯರು ಅದನ್ನೇ ಬಿಡಿಸಿ ಹೇಳಿದ್ರು. ಬಹಳ ದಿನ ಹಸಿದ ಕುದುರೆಗೆ ಒಮ್ಮೆಗೇ ಕಾಳು ಕೊಟ್ಟರೆ ಪಿಷ್ಟದಿಂದ ಇನ್ಸುಲಿನ್ ಜೋರಾಗಿ ಏರುತ್ತೆ. ಆಗ ರಕ್ತದಲ್ಲಿ ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂ ಕುಸಿದು ಹೃದಯವೇ ನಿಲ್ಲಬಹುದು. ಅದೂ ತಕ್ಷಣ ಅಲ್ಲ, ಮೂರು-ನಾಲ್ಕು ದಿನ ಚೆನ್ನಾಗೇ ಇದೆ ಅನ್ನಿಸಿದ ಮೇಲೂ! ಹೊಟ್ಟೆಶೂಲೆಯ ಭಯ ಬೇರೆ. ಕುದುರೆಗೆ ವಾಂತಿ ಮಾಡಿಕೊಳ್ಳಲೂ ಆಗಲ್ಲ.

ಬಗ್ ಕಂಡರೆ ಅವತ್ತು ರಾತ್ರಿಯೇ ಸರಿಮಾಡಿ ಮಲಗೋ ಅಭ್ಯಾಸ ನನ್ನದು. ಇಲ್ಲಿ ಅದು ನಡೆಯಲಿಲ್ಲ. ಒಣಗಿಸಿದ ಕುದುರೆ ಮಸಾಲೆ ಸೊಪ್ಪು, ನಾಲ್ಕು ಗಂಟೆಗೊಮ್ಮೆ, ಒಂದೊಂದೇ ಹಿಡಿ ಹೆಚ್ಚಿಸುತ್ತಾ. ಕುಡಿಯಲು ಸದಾ ಶುದ್ಧ ನೀರು. ಧನುರ್ವಾಯುವಿನ ಇಂಜೆಕ್ಷನ್, ಆಮೇಲೆ ಜಂತುಹುಳದ ಔಷಧಿ, ಚೂಪಾದ ಹಲ್ಲು ಉಜ್ಜಿಸೋದು. ಲಾಳದವರು ಗೊರಸನ್ನೂ ಒಂದೇ ಸಲಕ್ಕೆ ಕತ್ತರಿಸಲಿಲ್ಲ, ಆರು ವಾರಕ್ಕೊಮ್ಮೆ ಸ್ವಲ್ಪ ಸ್ವಲ್ಪ. ಮೇವಿನ ದುಡ್ಡು ನನ್ನದು. ನಡುರಾತ್ರಿ ಎದ್ದು ಹಾಕಿದ್ದು ಮಾತ್ರ, ಇನ್ನೂ ಪೂರ್ತಿ ಹುಷಾರಾಗದ ತಾತ.

ಎರಡನೇ ತಿಂಗಳು ಹುಣ್ಣು ಮಾಯ್ದು, ಆ ಜಾಗದಲ್ಲಿ ಬಿಳಿ ಕೂದಲು ಬಂತು. ಐದನೇ ತಿಂಗಳು ಒಂದು ಭಾನುವಾರ ಹಗ್ಗ ಬಿಚ್ಚಿದರೆ, ಮಣ್ಣಿನಲ್ಲಿ ಬೆನ್ನು ಹಾಕಿ ಹೊರಳಾಡಿ, ಮೈ ಕೊಡವಿ ಎದ್ದು ನಿಂತಿತು. ತಾತ ಟವೆಲಿನಲ್ಲಿ ಕಣ್ಣು ಒರೆಸಿಕೊಂಡ್ರು.

ಆಮೇಲೆ, "ಮತ್ತೆ ಗಾಡಿ ಕಟ್ಲಾ?" ಅಂತ ನನ್ನನ್ನೇ ಕೇಳಿದ್ರು. ಬೇಡ ಅನ್ನೋಣ ಅಂತ ಬಾಯಿಗೆ ಬಂತು. ಆದರೆ ಅವರ ಮನೆಯ ಒಲೆ ಉರಿಯೋದೂ ಅದರಿಂದಲೇ. ವೈದ್ಯರು ಒಪ್ಪಿದ ಮೇಲೆ ಈಗ ಬೆಳಿಗ್ಗೆ ಎರಡು ಗಂಟೆ ಮಾತ್ರ ಕಟ್ತಾರೆ, ಪಟ್ಟಿಗೆ ಹತ್ತಿಯ ಮೆತ್ತೆ ಹಾಕಿ. ಅದು ಸರಿಯೋ ತಪ್ಪೋ, ನಾನಿನ್ನೂ ಯೋಚಿಸ್ತಾನೇ ಇದ್ದೀನಿ.

ನಿಮ್ಮ ಬೀದಿಯಲ್ಲೂ ಅಂಥ ಕುದುರೆ ಕಂಡರೆ, ಬಕೆಟ್ ತುಂಬೋ ಮೊದಲು ಪಶುವೈದ್ಯರಿಗೊಂದು ಫೋನ್ ಮಾಡಿ. ಬೈಯೋ ಮೊದಲು ಯಜಮಾನರ ಪಕ್ಕ ಐದು ನಿಮಿಷ ಕೂತು ಮಾತಾಡಿ.