ಸಹಿ ಆಮೇಲೆ, ಮೊದಲು ಚೀಲ ಹಿಡಿಯಪ್ಪಾ

ಕಳೆದ ಭಾನುವಾರ ನಮ್ಮ ಸೊಸೈಟಿಯ ಹುಡುಗನೊಬ್ಬ ಮನೆಗೆ ಬಂದಿದ್ದ. ಒಳ್ಳೇ ಹುಡುಗ, ಹುಬ್ಬಳ್ಳಿ ಕಡೆಯವನು, ಐಟಿ ಕೆಲಸ. ಫೋರ್‌ವೀಲ್ ಡ್ರೈವ್ ಗಾಡಿ ಇಟ್ಟಿದಾನೆ. ಮಳೆಗಾಲದಲ್ಲಿ ಪ್ರತಿ ವೀಕೆಂಡು ಸಹ್ಯಾದ್ರಿಯ ಕೆಸರು ತುಳಿಯೋ ಗುಂಪೊಂದಕ್ಕೆ ಅವನೇ ಲೀಡರ್. "ಅಂಕಲ್, ಗುಡ್ಡದ ದಾರಿಗೆ ಊರವರು ಕಲ್ಲು ಅಡ್ಡ ಹಾಕಿದಾರೆ, ಫಾರೆಸ್ಟಿನವರು ಬೋರ್ಡ್ ನೆಟ್ಟಿದಾರೆ. ಇದು ನಮ್ಮ ಹಕ್ಕಿನ ಪ್ರಶ್ನೆ. ಅರ್ಜಿಗೆ ಒಂದು ಸಹಿ ಹಾಕಿ" ಅಂದ.

ಪುಣೆಗೆ ಬಂದು ಇಪ್ಪತ್ತೆಂಟು ವರ್ಷ ಆಯ್ತು. ಅಷ್ಟೂ ವರ್ಷ ಬ್ಯಾಂಕಿನಲ್ಲಿ ಸಹಿ ಹಾಕಿಯೇ ಅನ್ನ ತಿಂದವನು ನಾನು. ಓದದೆ ಹಾಕಲ್ಲ. ಓದಿದೆ. ಎರಡು ಪುಟದಲ್ಲಿ 'ಹಕ್ಕು' ಅನ್ನೋ ಪದ ಹನ್ನೊಂದು ಸಲ ಇತ್ತು. ಹಿಂದಿನ ವಾರ ಗಾಡಿಗಳು ಒಬ್ಬ ರೈತನ ಭತ್ತದ ಗದ್ದೆಯ ಬದು ಒಡೆದು ಹೋದದ್ದರ ಬಗ್ಗೆ ಒಂದಕ್ಷರ ಇರಲಿಲ್ಲ. ಕೇಳಿದೆ. "ಅದು ಬೇರೆ ಗ್ರೂಪು ಅಂಕಲ್..." ಅಂದ.

ನಾನು ಸಹಿ ಹಾಕಲಿಲ್ಲ.

ನಾನೇನು ಜೀಪಿನ ವೈರಿಯಲ್ಲ ಸ್ವಾಮಿ. ಸಕಲೇಶಪುರದ ಕಡೆ ಹುಟ್ಟಿದವನು. ಆಷಾಢದ ಮಳೆಯಲ್ಲಿ ಚಕ್ರಕ್ಕೆ ಚೈನ್ ಕಟ್ಟಿಕೊಂಡು ತೋಟದ ಜೀಪು ಬಾರದೇ ಹೋಗಿದ್ದರೆ, ನನ್ನ ತಂಗಿ ಹುಟ್ಟುವ ಹೊತ್ತಿಗೆ ಅಮ್ಮ ಆಸ್ಪತ್ರೆ ಮುಟ್ಟುತ್ತಿರಲಿಲ್ಲ. ಕೆಸರಿನಲ್ಲಿ ಗಾಡಿ ಓಡಿಸೋದು ಒಂದು ವಿದ್ಯೆ, ಒಪ್ಪಿದೆ. ನನ್ನ ತಕರಾರು ಓಡಿಸೋದರ ಮೇಲಲ್ಲ, ಲೀಡರ್ ಅನ್ನೋ ಪದದ ಮೇಲೆ.

ಎರಡು ವರ್ಷದ ಹಿಂದೆ ಮಗನನ್ನು ನೋಡಲು ಕ್ಯಾಲಿಫೋರ್ನಿಯಾಕ್ಕೆ ಹೋಗಿದ್ದಾಗ ಅವನು ರೂಬಿಕಾನ್ ಟ್ರೇಲ್ ತೋರಿಸಲು ಕರೆದುಕೊಂಡು ಹೋದ. ಸಿಯೆರಾ ನೆವಾಡಾ ಬೆಟ್ಟಗಳಲ್ಲಿ ಸುಮಾರು 22 ಮೈಲಿಯ ಬಂಡೆ ದಾರಿ. 1953ರಿಂದ ಅಲ್ಲಿ ಜೀಪಿನವರ ಜಾತ್ರೆ ನಡೆಯುತ್ತೆ. ಲೂನ್ ಲೇಕ್ ಹತ್ತಿರ ಒಂದು ಪುಟ್ಟ ಗೂಡಂಗಡಿ. ಅಲ್ಲೊಬ್ಬ ವಯಸ್ಸಾದ ಸ್ವಯಂಸೇವಕ ಬರೋ ಪ್ರತಿ ಗಾಡಿಗೂ ಚೀಲ ಹಂಚುತ್ತಿದ್ದ. ಒಂದು ಚೆಲ್ಲಿದ ಆಯಿಲ್ ಹೀರಲು. ಇನ್ನೊಂದು, ಮುಜುಗರ ಬೇಡ, ತಮ್ಮ ಮಲವನ್ನು ತಾವೇ ವಾಪಸ್ ಹೊತ್ತು ತರಲು!

ಅದಕ್ಕೊಂದು ಕಥೆ ಇದೆ. 2004ರಲ್ಲಿ ಆ ದಾರಿಯ ಸ್ಪೈಡರ್ ಲೇಕ್ ಪ್ರದೇಶವನ್ನು ಕೌಂಟಿಯವರು ಮುಚ್ಚಿದರು. ಕಾರಣ, ಮನುಷ್ಯರ ಹೇಲು. 2009ರಲ್ಲಿ ಜಲ ಮಂಡಳಿಯವರು ಮಣ್ಣು, ಎಣ್ಣೆ ನೀರಿಗೆ ಸೇರುತ್ತಿದೆ, ಸ್ವಚ್ಛ ಮಾಡಿ ಅಂತ ಆದೇಶ ಹೊರಡಿಸಿದರು. ಜೀಪಿನವರು 'ಬೇರೆ ಗ್ರೂಪು' ಅನ್ನಲಿಲ್ಲ. 2001ರಲ್ಲೇ ಫ್ರೆಂಡ್ಸ್ ಆಫ್ ದಿ ರೂಬಿಕಾನ್ ಅಂತ ಸ್ವಯಂಸೇವಕರ ಬಳಗ ಕಟ್ಟಿಕೊಂಡಿದ್ದರು. ಸಭೆಗಳಿಗೆ ಹೋಗಿ ಕೂತರು, ಕಲ್ಲು ಹೊತ್ತರು, ಕಸ ಬಾಚಿದರು. ಶೌಚಾಲಯ ಬಂತು, ತೊರೆಗಳಿಗೆ ಸೇತುವೆ ಬಂತು. ದಾರಿ ಇವತ್ತಿಗೂ ತೆರೆದಿದೆ.

"ಅಲ್ಲಿ ಜಾಗ ಜಾಸ್ತಿ, ಇಲ್ಲಿ ಹೆಂಗೆ ಆಗುತ್ತೆ" ಅಂತೀರಾ? ಜಾಗ ಜಾಸ್ತಿ ಇದ್ದ ಅಮೆರಿಕದಲ್ಲೇ 1972ರಲ್ಲಿ ಅಧ್ಯಕ್ಷ ನಿಕ್ಸನ್, ಸರ್ಕಾರಿ ನೆಲದಲ್ಲಿ ಇಂಥ ಗಾಡಿ ಎಲ್ಲಿ ಹೋಗಬಹುದು, ಎಲ್ಲಿ ಹೋಗಬಾರದು ಅಂತ ಗುರುತು ಮಾಡಿ ಎಂದು ಆದೇಶಿಸಿದರು. 1977ರಲ್ಲಿ ಕಾರ್ಟರ್, ಹಾನಿ ಕಂಡರೆ ತಕ್ಷಣ ಮುಚ್ಚಿ ಅಂದರು. ಅದೇ 1972ರಲ್ಲಿ ನಮ್ಮಲ್ಲೂ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ನಮ್ಮ ಜಾಗ ಕಮ್ಮಿ ಅಂದಮೇಲೆ ಜವಾಬ್ದಾರಿ ಜಾಸ್ತಿ ತಾನೇ? ಸಾತಾರಾ ಪಕ್ಕದ ಕಾಸ್ ಪಠಾರ ನೋಡಿ. 2012ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಪಶ್ಚಿಮ ಘಟ್ಟದ ತಾಣಗಳಲ್ಲಿ ಅದೂ ಒಂದು. ಕೆಂಪು ಬಂಡೆಯ ಮೇಲೆ ತೆಳು ಪದರದ ಮಣ್ಣು, ಅದರಲ್ಲೇ ಅಷ್ಟೂ ಹೂವು. ಅಂಥ ಕಡೆ ಒಂದು ಟೈರಿನ ಗುರುತು ಬಿದ್ದರೆ ಮುಂದಿನ ಮಳೆಗೆ ಅದೇ ಕಾಲುವೆ.

ಬೋರ್ಡ್ ನೆಟ್ಟು ಕೈತೊಳೆದುಕೊಳ್ಳೋ ಸಾಹೇಬರಿಗೂ ಒಂದು ಮಾತು. ಅಮೆರಿಕದ ಅರಣ್ಯ ಇಲಾಖೆ 2005ರ ನಿಯಮದಂತೆ ಯಾವ ದಾರಿಯಲ್ಲಿ ಯಾವ ಗಾಡಿ, ಯಾವ ತಿಂಗಳು ಅಂತ ನಕ್ಷೆ ಮಾಡಿ ಪುಕ್ಕಟೆ ಕೊಡುತ್ತೆ. ನೀವು ಬರೀ 'ಪ್ರವೇಶ ನಿಷೇಧ' ಬರೆದರೆ ಹೇಗೆ? ಎಲ್ಲಿ ಬೇಡ ಅನ್ನೋರು ಎಲ್ಲಿ ಆಗಬಹುದು ಅಂತಲೂ ಹೇಳಬೇಕು. ಇಲ್ಲದಿದ್ದರೆ ಹುಡುಗರು ರಾತ್ರಿ ಹೊತ್ತು ಕಳ್ಳದಾರಿ ಹಿಡೀತಾರೆ.

ಆದರೆ ಆ ಮಾತನ್ನು ಇಲಾಖೆಯ ಮುಂದೆ ಕೂತು ಹೇಳೋಕೆ ಯೋಗ್ಯತೆ ಇರೋ ಜನ ಬೇಕು. ಬ್ಯಾಂಕಿನಲ್ಲಿ ನಿನ್ನೆ ಖಾತೆ ತೆರೆದವನಿಗೆ ಇವತ್ತು ದೊಡ್ಡ ಸಾಲ ಕೊಡಲ್ಲ. ಹಳೇ ಲೆಕ್ಕ ನೋಡ್ತೀವಿ. ದಾರಿಯೂ ಹಾಗೇ. ಊರವರ ನಂಬಿಕೆಯೇ ಠೇವಣಿ. ಇವರು ಠೇವಣಿ ಇಡದೆ ಬರೀ ಡ್ರಾ ಮಾಡುತ್ತಾ ಬಂದಿದಾರೆ. ಮುಂದೆ ಗಾಡಿ ಓಡಿಸೋನು ಲೀಡರ್ ಅಲ್ಲ. ಎಲ್ಲರೂ ಹೋದಮೇಲೆ ಹಿಂದೆ ಉಳಿದು ಕಸ ಎಣಿಸೋನು, ಬೇರೆಯವರ ತಪ್ಪಿಗೂ ತಲೆ ತಗ್ಗಿಸಿ ನಿಲ್ಲೋನು ಲೀಡರ್.

ಹುಡುಗನಿಗೆ ಅಷ್ಟೇ ಹೇಳಿದೆ: "ಗುದ್ದಲಿ, ಹತ್ತು ಚೀಲ ತಗೊಂಡು ಆ ರೈತನ ಬದು ಕಟ್ಟಿಕೊಡಿ. ನಾನೂ ಬರ್ತೀನಿ. ಅವನು ಒಪ್ಪಿ ಮೊದಲ ಸಹಿ ಹಾಕಲಿ, ಎರಡನೇದು ನನ್ನದು."

"ನೋಡ್ತೀನಿ ಅಂಕಲ್" ಅಂತ ಹೋದ. ಇನ್ನೂ ಫೋನ್ ಬಂದಿಲ್ಲ. ಭಾನುವಾರದ ತನಕ ಕಾಯ್ತೀನಿ... ಸೊಂಟ ನೋವಿದ್ರೂ ಪರವಾಗಿಲ್ಲ, ಗುದ್ದಲಿ ಹಿಡಿಯೋದು ಇನ್ನೂ ಮರೆತಿಲ್ಲ.