ಬೆರಳು ಅಜ್ಜಿಯದು, ಮಾತು ಮೊಮ್ಮಗಳದು



ದಸರಾ ರಜೆಗೆ ಊರಿಗೆ ಹೊರಟಾಗ ಬಟ್ಟೆಬರೆಯ ಜೊತೆ ಟ್ಯಾಬ್ಲೆಟ್ಟೂ ಚೀಲ ಸೇರುತ್ತದೆ. ಪಟ್ಟಣದ ಮನೆಯ ವೈಫೈನಲ್ಲಿ ಚೆನ್ನಾಗಿ ಓಡುತ್ತಿದ್ದದ್ದು ಊರಿನ ಜಗಲಿಗೆ ಬಂದ ಕೂಡಲೇ ಮೂಕವಾಗುತ್ತದೆ. ಆಗ ಪೇಟೆಯಿಂದ ಒಂದು ಸಿಮ್ ಬರುತ್ತದೆ. ಮೊಮ್ಮಗಳು ‘ಇಲ್ಲಿ ಕೊಡಜ್ಜಿ’ ಎಂದು ಇಸಿದುಕೊಂಡು, ಟಕಟಕ ಒತ್ತಿ, ಎರಡೇ ನಿಮಿಷದಲ್ಲಿ ‘ಆಯ್ತು ನೋಡು’ ಎನ್ನುತ್ತಾಳೆ. ವಿಡಿಯೋ ಕಾಲ್ ಮಾಡಲು ಇರಲಿ ಎಂದು ಟ್ಯಾಬ್ಲೆಟ್ಟನ್ನು ಅಜ್ಜಿಯ ಬಳಿಯೇ ಬಿಟ್ಟು ಎಲ್ಲರೂ ಬಸ್ಸು ಹತ್ತುತ್ತಾರೆ. ನಾಲ್ಕನೇ ದಿನ ಟ್ಯಾಬ್ಲೆಟ್ ಮತ್ತೆ ಮೂಕ. ಮೊಮ್ಮಗಳು ಎಲ್ಲಿ ಏನು ಒತ್ತಿದ್ದಳೋ ಅಜ್ಜಿ ನೋಡಿಯೇ ಇಲ್ಲ!

ಹೀಗೆ ಎಷ್ಟೋ ಮನೆಗಳಲ್ಲಿ ಆಗುತ್ತದೆ. ಆದ್ದರಿಂದ ಈ ವಾರ ಟ್ಯಾಬ್ಲೆಟ್ಟಿಗೆ ಮೊಬೈಲ್ ಡೇಟಾ ಜೋಡಿಸುವುದನ್ನು ಕಲಿಯೋಣ. ಆದರೆ ಒಂದು ಕಟ್ಟುನಿಟ್ಟಿನ ನಿಯಮವಿದೆ. ಬೆರಳು ಅಜ್ಜಿಯದೋ ಅಜ್ಜನದೋ ಆಗಿರಬೇಕು, ಮಾತು ಮಾತ್ರ ಮೊಮ್ಮಕ್ಕಳದು. ಮಕ್ಕಳು ಬಾಯಲ್ಲಿ ಹೇಳಬೇಕು, ಕೈ ಹಾಕಬಾರದು. ಪಕ್ಕದಲ್ಲಿ ಒಂದು ನೋಟ್‌ಬುಕ್ಕು, ಪೆನ್ನು ಇರಲಿ.

ಮೊದಲು, ಸಿಮ್ ಹಿಡಿಸುತ್ತದೆಯೇ ನೋಡಿ

ಎಲ್ಲ ಟ್ಯಾಬ್ಲೆಟ್ಟಿಗೂ ಸಿಮ್ ಹಾಕಲು ಬರುವುದಿಲ್ಲ. ಕೆಲವು ವೈಫೈ ಒಂದರಲ್ಲೇ ಕೆಲಸ ಮಾಡುವಂಥವು. ನೋಡಲು ಎರಡೂ ಒಂದೇ ತರಹ ಇರುತ್ತವೆ, ಬೆಲೆಯಲ್ಲಿ ಮಾತ್ರ ವ್ಯತ್ಯಾಸ. ಪತ್ತೆ ಮಾಡುವುದು ಸುಲಭ. ಸೆಟ್ಟಿಂಗ್ಸ್‌ಗೆ ಹೋಗಿ ‘ಅಬೌಟ್ ಟ್ಯಾಬ್ಲೆಟ್’ ಎಂಬುದನ್ನು ಒತ್ತಿ. ಅಲ್ಲಿ ಐಎಂಇಐ ಎಂಬ 15 ಅಂಕಿಗಳ ಸಂಖ್ಯೆ ಇದ್ದರೆ ಅದು ಸಿಮ್ ಬಳಸಬಲ್ಲ ಟ್ಯಾಬ್ಲೆಟ್. ಐಪ್ಯಾಡ್ ಆದರೆ ಸೆಟ್ಟಿಂಗ್ಸ್‌ನ ‘ಜನರಲ್’ ಒಳಗೆ ‘ಅಬೌಟ್’ನಲ್ಲಿ ನೋಡಿ. ಕೆಲವು ಹೊಸ ಐಪ್ಯಾಡ್‌ಗಳಲ್ಲಿ ಸಿಮ್ ಇಡುವ ಜಾಗವೇ ಇಲ್ಲ, ಅವಕ್ಕೆ ಬೇಕಾದದ್ದು ಇ-ಸಿಮ್. ಅಂದರೆ ಕಾರ್ಡಿಲ್ಲದ ಸಿಮ್.

ಐಎಂಇಐ ಸಂಖ್ಯೆ ಕಂಡರೆ ಅಜ್ಜಿಯ ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಬರೆದಿಡಿ. ಟ್ಯಾಬ್ಲೆಟ್ ಕಳೆದುಹೋದರೆ ಪೊಲೀಸರಿಗೆ ದೂರು ಕೊಡಲು, ಅದನ್ನು ಬ್ಲಾಕ್ ಮಾಡಿಸಲು ಬೇಕಾಗುವುದು ಇದೇ ಸಂಖ್ಯೆ.

ಐಎಂಇಐ ಇಲ್ಲವೇ? ಬೇಸರ ಬೇಡ. ಅಜ್ಜನ ಸ್ಮಾರ್ಟ್‌ಫೋನಿನಲ್ಲಿ ‘ಹಾಟ್‌ಸ್ಪಾಟ್’ ಆನ್ ಮಾಡಿದರೆ ಆ ಫೋನೇ ಒಂದು ಪುಟ್ಟ ವೈಫೈ ಆಗುತ್ತದೆ. ಅದಕ್ಕೊಂದು ಪಾಸ್‌ವರ್ಡ್ ಇರಲಿ, ಕೆಲಸ ಮುಗಿದ ಮೇಲೆ ಆಫ್ ಮಾಡಿ. ಇಲ್ಲದಿದ್ದರೆ ಫೋನಿನ ಬ್ಯಾಟರಿ ಬೇಗ ಖಾಲಿಯಾಗುತ್ತದೆ.

ಸಿಮ್ ಯಾರ ಹೆಸರಿನಲ್ಲಿ?

ಮಕ್ಕಳೇ, ನಮ್ಮ ದೇಶದಲ್ಲಿ 18 ವರ್ಷ ತುಂಬದವರಿಗೆ ಸಿಮ್ ಕೊಡುವುದಿಲ್ಲ. ಹಾಗಾಗಿ ಟ್ಯಾಬ್ಲೆಟ್ಟಿನ ಸಿಮ್ ದೊಡ್ಡವರ ಹೆಸರಿನಲ್ಲೇ ಇರುತ್ತದೆ. ಆ ಸಿಮ್ಮಿನಿಂದ ಏನೇ ನಡೆದರೂ ಮೊದಲು ಕೇಳುವುದು ಅವರನ್ನೇ. ಅಜ್ಜನ ಹೆಸರಿನ ಸಿಮ್ ಎಂದರೆ ಅಜ್ಜನ ರುಜು ಇದ್ದ ಹಾಗೆ. ಅದನ್ನು ಸ್ನೇಹಿತರಿಗೆ ಬಳಸಲು ಕೊಡುವಂತಿಲ್ಲ.

ಅಂಗಡಿಯಲ್ಲಿ ‘ಟ್ಯಾಬ್ಲೆಟ್ಟಿಗೆ ಬೇಕು, ಡೇಟಾ ಮುಖ್ಯ’ ಎಂದು ಹೇಳಿ. ಇಂದಿನ ಟ್ಯಾಬ್ಲೆಟ್‌ಗಳಿಗೆ ಹಾಕುವುದು ನ್ಯಾನೋ ಸಿಮ್. ಅದರ ಉದ್ದ 12.3 ಮಿಲಿಮೀಟರ್, ಅಗಲ 8.8 ಮಿಲಿಮೀಟರ್. ಹೆಚ್ಚುಕಡಿಮೆ ಒಂದು ಹುಣಸೆಬೀಜದಷ್ಟು! 1991ರಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿ ಮೊದಲ ಸಿಮ್‌ಗಳು ತಯಾರಾದಾಗ ಅವು ಎಟಿಎಂ ಕಾರ್ಡಿನಷ್ಟು ದೊಡ್ಡದಾಗಿದ್ದವು. ಕೆಲಸ ಮಾಡುವ ಚಿನ್ನದ ಬಣ್ಣದ ಚಿಪ್ಪು ಮಾತ್ರ ಆಗಲೂ ಚಿಕ್ಕದೇ. ಉಳಿದದ್ದೆಲ್ಲ ಪ್ಲಾಸ್ಟಿಕ್. ಅದನ್ನೇ ಕತ್ತರಿಸುತ್ತ ಕತ್ತರಿಸುತ್ತ ಇಷ್ಟಕ್ಕೆ ಬಂದಿದ್ದೇವೆ.

ಅಜ್ಜಿಯ ಹಳೆಯ ಬಟನ್ ಫೋನಿನ ಸಿಮ್ಮನ್ನೇ ಕತ್ತರಿಯಿಂದ ಕತ್ತರಿಸಿ ಹಾಕಲು ಹೋಗಬೇಡಿ. ಚಿಪ್ಪು ಹಾಳಾಗಬಹುದು. ಅಲ್ಲದೆ ಬಹಳ ಹಳೆಯ ಸಿಮ್‌ಗಳಲ್ಲಿ 4ಜಿ ಬರುವುದಿಲ್ಲ. ಅಂಗಡಿಯಲ್ಲಿ ಅದೇ ನಂಬರಿಗೆ ಹೊಸ ಸಿಮ್ ಕೊಡುತ್ತಾರೆ.

ಅಜ್ಜ ಅಜ್ಜಿಯರಿಗೆ ಒಂದು ಮಾತು. ಟ್ಯಾಬ್ಲೆಟ್ಟಿಗೆಂದೇ ತಂದ ಹೊಸ ನಂಬರನ್ನು ಬ್ಯಾಂಕಿಗೆ, ಪಿಂಚಣಿಗೆ, ಆಧಾರಿಗೆ ಜೋಡಿಸಬೇಡಿ. ರೀಚಾರ್ಜ್ ಇಲ್ಲದೆ ಬಹುಕಾಲ ಬಿಟ್ಟ ನಂಬರು ಕೊನೆಗೆ ಬೇರೆಯವರ ಪಾಲಾಗುತ್ತದೆ. ಆಗ ನಿಮ್ಮ ಬ್ಯಾಂಕಿನ ಒಟಿಪಿ ಅವರ ಕೈಗೆ ಹೋದೀತು. ದಿನವೂ ಕೈಯಲ್ಲಿರುವ ಫೋನಿನ ನಂಬರೇ ಅದಕ್ಕೆ ಸರಿ.

ಸಿಮ್ ಹಾಕುವ ಕ್ರಮ

1. ಟ್ಯಾಬ್ಲೆಟ್ಟನ್ನು ಪೂರ್ತಿ ಆಫ್ ಮಾಡಿ.

2. ಅಂಚಿನಲ್ಲಿ ಸಿಮ್ ಟ್ರೇ ಇರುತ್ತದೆ. ಅದರ ಪಕ್ಕದ ಸಣ್ಣ ತೂತಿಗೆ ಡಬ್ಬದಲ್ಲಿ ಬಂದಿರುವ ಪಿನ್ನನ್ನು ನೇರವಾಗಿ ಒತ್ತಿ. ಎಚ್ಚರ, ಅಂಚಿನಲ್ಲಿ ಮೈಕಿನ ತೂತೂ ಇರುತ್ತದೆ! ಅದಕ್ಕೆ ಚುಚ್ಚಿದರೆ ನಿಮ್ಮ ಮಾತು ಆ ಕಡೆಗೆ ಕೇಳಿಸದೆ ಹೋಗಬಹುದು. ಟ್ರೇಯ ಗೆರೆ ಎಲ್ಲಿದೆ ಎಂದು ಬೆಳಕಿನಲ್ಲಿ ನೋಡಿಕೊಂಡೇ ಒತ್ತಿ.

3. ಸಿಮ್ಮಿನ ಒಂದು ಮೂಲೆ ಓರೆಯಾಗಿ ಕತ್ತರಿಸಿದೆ. ಟ್ರೇಯಲ್ಲೂ ಅಂಥದ್ದೇ ಓರೆ ಮೂಲೆ ಇದೆ. ಎರಡೂ ಹೊಂದುವಂತೆ ಇಡಿ. ಬಲವಂತ ಬೇಡ. ಸರಿಯಾಗಿ ಇಟ್ಟರೆ ತಾನಾಗಿಯೇ ಕೂರುತ್ತದೆ.

4. ಟ್ರೇ ಒಳಕ್ಕೆ ತಳ್ಳಿ, ಟ್ಯಾಬ್ಲೆಟ್ ಆನ್ ಮಾಡಿ. ಹೊಸ ಸಿಮ್ ಚಾಲೂ ಆಗಲು ಸ್ವಲ್ಪ ಹೊತ್ತು ಬೇಕಾಗಬಹುದು. ಪರದೆಯ ಮೇಲ್ಭಾಗದಲ್ಲಿ ಏಣಿಯ ಮೆಟ್ಟಿಲಿನಂಥ ಗೆರೆಗಳು ಮೂಡಿದರೆ ಟವರ್ ಸಿಕ್ಕಿದೆ ಎಂದರ್ಥ.

ಸಿಮ್ಮಿನ ಪಿನ್ ಕೇಳಿದರೆ ಊಹೆ ಮಾಡಿ ಹಾಕಬೇಡಿ. ಮೂರು ಸಲ ತಪ್ಪಾದರೆ ಸಿಮ್ ಲಾಕ್ ಆಗುತ್ತದೆ. ಆಮೇಲೆ ಕಂಪನಿಯಿಂದ ಪಿಯುಕೆ ಎಂಬ ಬೇರೊಂದು ಸಂಖ್ಯೆ ತರಿಸಿಕೊಳ್ಳಬೇಕು.

ಡೇಟಾ ಆನ್ ಮಾಡಿ

ಗೆರೆಗಳು ಮೂಡಿದ ಮಾತ್ರಕ್ಕೆ ಇಂಟರ್ನೆಟ್ ಬರುವುದಿಲ್ಲ. ನಲ್ಲಿ ಹಾಕಿಸಿದರೆ ಸಾಲದು, ತಿರುಗಿಸಲೂ ಬೇಕಲ್ಲವೇ? ಸೆಟ್ಟಿಂಗ್ಸ್‌ನಲ್ಲಿ ‘ನೆಟ್‌ವರ್ಕ್ ಅಂಡ್ ಇಂಟರ್ನೆಟ್’ ಅಥವಾ ‘ಕನೆಕ್ಷನ್ಸ್’ ಎಂದು ಇರುತ್ತದೆ. ಅದರೊಳಗೆ ‘ಮೊಬೈಲ್ ಡೇಟಾ’ ಆನ್ ಮಾಡಿ. ಐಪ್ಯಾಡಿನಲ್ಲಾದರೆ ಸೆಟ್ಟಿಂಗ್ಸ್ ತೆರೆದ ಕೂಡಲೇ ‘ಮೊಬೈಲ್ ಡೇಟಾ’ ಕಾಣುತ್ತದೆ. ಪಕ್ಕದಲ್ಲಿ ‘ಡೇಟಾ ರೋಮಿಂಗ್’ ಎಂದಿದ್ದರೆ ಆಫ್ ಇರಲಿ. ವಿದೇಶಕ್ಕೆ ಹೋದಾಗ ಅದು ಆನ್ ಇದ್ದರೆ ಬಿಲ್ಲು ಏರಿಬಿಡುತ್ತದೆ.

ಈಗ ವೈಫೈ ಆಫ್ ಮಾಡಿ ಯಾವುದಾದರೂ ಒಂದು ಪುಟ ತೆರೆದು ನೋಡಿ. ಬಂದರೆ ಗೆದ್ದಿರಿ.

ಬರದಿದ್ದರೆ? ಟ್ರಂಕ್ ಕಾಲ್ ನೆನಪಿಸಿಕೊಳ್ಳಿ

ಮಕ್ಕಳೇ, ಟ್ರಂಕ್ ಕಾಲ್ ಎಂದರೇನು ಎಂದು ಅಜ್ಜನನ್ನು ಕೇಳಿ. ಆಗ ಪರಊರಿಗೆ ಫೋನ್ ಮಾಡಬೇಕಾದರೆ ನೇರವಾಗಿ ನಂಬರು ತಿರುಗಿಸಿದರೆ ಆಗುತ್ತಿರಲಿಲ್ಲ. ಎಕ್ಸ್‌ಚೇಂಜಿಗೆ ಫೋನ್ ಮಾಡಿ, ಇಂಥ ಊರು, ಇಂಥ ನಂಬರು ಎಂದು ಹೇಳಿ ಕಾಯಬೇಕಿತ್ತು. ಅಲ್ಲಿದ್ದವರು ಸರಿಯಾದ ದಾರಿಗೆ ಜೋಡಿಸಿಕೊಡುತ್ತಿದ್ದರು.

ಟ್ಯಾಬ್ಲೆಟ್ಟೂ ಹಾಗೆಯೇ. ಟವರ್ ಸಿಕ್ಕ ಮೇಲೆ ‘ನನ್ನನ್ನು ಯಾವ ಬಾಗಿಲಿನಿಂದ ಇಂಟರ್ನೆಟ್ಟಿಗೆ ಬಿಡಬೇಕು’ ಎಂದು ಅದು ಕಂಪನಿಗೆ ಹೇಳಬೇಕು. ಆ ಬಾಗಿಲಿನ ಹೆಸರೇ ಎಪಿಎನ್, ಅಂದರೆ ಆಕ್ಸೆಸ್ ಪಾಯಿಂಟ್ ನೇಮ್. ಸಾಮಾನ್ಯವಾಗಿ ಸಿಮ್ ಹಾಕಿದ ಕೂಡಲೇ ಇದು ತಾನಾಗಿಯೇ ತುಂಬಿಕೊಳ್ಳುತ್ತದೆ. ಕೆಲವೊಮ್ಮೆ, ಅದರಲ್ಲೂ ಬೇರೆ ದೇಶದಿಂದ ತಂದ ಅಥವಾ ಹಿಂದೆ ಬೇರೆ ಕಂಪನಿಯ ಸಿಮ್ ಹಾಕಿದ್ದ ಟ್ಯಾಬ್ಲೆಟ್ಟಿನಲ್ಲಿ, ನಾವೇ ಬರೆಯಬೇಕಾಗುತ್ತದೆ.

‘ಮೊಬೈಲ್ ನೆಟ್‌ವರ್ಕ್’ ಒಳಗೆ ‘ಆಕ್ಸೆಸ್ ಪಾಯಿಂಟ್ ನೇಮ್ಸ್’ ತೆರೆದು, ‘ಆ್ಯಡ್’ ಅಥವಾ ಕೂಡಿಸುವ ಚಿಹ್ನೆ ಒತ್ತಿ. ಹೆಸರು ಎಂಬಲ್ಲಿ ಏನು ಬೇಕಾದರೂ ಬರೆಯಬಹುದು. ಎಪಿಎನ್ ಎಂಬಲ್ಲಿ ಮಾತ್ರ ಒಂದಕ್ಷರವೂ ತಪ್ಪಬಾರದು. ಜಿಯೋ ಸಿಮ್ಮಾದರೆ ‘ಜಿಯೋನೆಟ್’, ಬಿಎಸ್‌ಎನ್‌ಎಲ್ ಆದರೆ ‘ಬಿಎಸ್‌ಎನ್‌ಎಲ್‌ನೆಟ್’, ಏರ್‌ಟೆಲ್ ಆದರೆ ‘ಏರ್‌ಟೆಲ್‌ಜಿಪಿಆರ್‌ಎಸ್ ಡಾಟ್ ಕಾಮ್’. ಎಲ್ಲವನ್ನೂ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ, ನಡುವೆ ಜಾಗ ಬಿಡದೆ ಬರೆಯಬೇಕು. ‘ಡಾಟ್’ ಎಂದಲ್ಲಿ ಚುಕ್ಕೆ ಇಡಿ. ಉಳಿದ ಖಾನೆಗಳನ್ನು ಖಾಲಿ ಬಿಟ್ಟು ‘ಸೇವ್’ ಒತ್ತಿ, ಆ ಹೆಸರನ್ನು ಆಯ್ಕೆ ಮಾಡಿ, ಟ್ಯಾಬ್ಲೆಟ್ಟನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಿ.

ಹಾಸಿಗೆ ಇದ್ದಷ್ಟು ಕಾಲು ಚಾಚಿ

ಮನೆಯ ವೈಫೈನಲ್ಲಿ ನಾವು ಲೆಕ್ಕವಿಡುವುದಿಲ್ಲ. ಸಿಮ್ಮಿನಲ್ಲಿ ಲೆಕ್ಕ ಇಡಲೇಬೇಕು. ದಿನಕ್ಕೆ ಒಂದೂವರೆ ಜಿಬಿಯ ಪ್ಯಾಕ್ ಇದೆ ಎನ್ನಿ. ಸಾಧಾರಣ ಗುಣಮಟ್ಟದ ವಿಡಿಯೋ ಗಂಟೆಗೆ ಸುಮಾರು ಮುಕ್ಕಾಲು ಜಿಬಿ ತಿನ್ನುತ್ತದೆ. ಹಾಗಾದರೆ ಎಷ್ಟು ಗಂಟೆ ನೋಡಬಹುದು? ಮಕ್ಕಳೇ, ಲೆಕ್ಕ ಮಾಡಿ ಅಜ್ಜಿಗೆ ಹೇಳಿ. ಅದೇ ವಿಡಿಯೋವನ್ನು ಎಚ್‌ಡಿಯಲ್ಲಿ ನೋಡಿದರೆ ಒಂದು ಗಂಟೆಯೊಳಗೇ ಡೇಟಾ ಮುಗಿದುಹೋಗಬಹುದು. ಮುಗಿದ ಮೇಲೆ ಇಂಟರ್ನೆಟ್ ಪೂರ್ತಿ ನಿಲ್ಲದಿದ್ದರೂ ಆಮೆಯ ನಡಿಗೆಗೆ ಇಳಿಯುತ್ತದೆ. ಸಂಜೆ ಅಜ್ಜಿಗೆ ಮಗನ ಮುಖ ನೋಡುವ ಹೊತ್ತಿಗೆ ಡೇಟಾ ಇಲ್ಲದಿದ್ದರೆ ಹೇಗೆ? ಮೊದಲು ಕರೆಗೆ, ಪಾಠಕ್ಕೆ ಎತ್ತಿಡಿ. ಕಾರ್ಟೂನ್ ಆಮೇಲೆ.

ಸೆಟ್ಟಿಂಗ್ಸ್‌ನಲ್ಲಿ ‘ಡೇಟಾ ಸೇವರ್’ ಆನ್ ಮಾಡಿ. ಪ್ಲೇ ಸ್ಟೋರಿನಲ್ಲಿ ಆ್ಯಪ್‌ಗಳ ಅಪ್‌ಡೇಟ್ ವೈಫೈನಲ್ಲಿ ಮಾತ್ರ ಆಗುವಂತೆ ಮಾಡಿ. ಇಲ್ಲದಿದ್ದರೆ ನಮಗೆ ಗೊತ್ತಾಗದಂತೆ ಡೇಟಾ ಸೋರಿಹೋಗುತ್ತದೆ.

ನಿಂತುಹೋದಾಗ ಏನು ನೋಡಬೇಕು?

ಅಜ್ಜಿಯ ನೋಟ್‌ಬುಕ್ಕಿನಲ್ಲಿ ಅಜ್ಜಿಯ ಕೈಬರಹದಲ್ಲೇ ಈ ಐದು ಸಾಲು ಇರಲಿ:

ಒಂದು, ವಿಮಾನದ ಚಿತ್ರ ಆನ್ ಆಗಿದೆಯೇ? ಆಗಿದ್ದರೆ ಆಫ್ ಮಾಡು.
ಎರಡು, ಮೊಬೈಲ್ ಡೇಟಾ ಆನ್ ಇದೆಯೇ?
ಮೂರು, ಇವತ್ತಿನ ಡೇಟಾ ಮುಗಿಯಿತೇ? ರೀಚಾರ್ಜ್ ಯಾವ ತಾರೀಕಿನವರೆಗೆ ಇದೆ?
ನಾಲ್ಕು, ಆಫ್ ಮಾಡಿ ಆನ್ ಮಾಡು.
ಐದು, ಮನೆಯವರಿಗೆ ಫೋನ್ ಮಾಡು. ಬೇರೆ ಯಾರಿಗೂ ಬೇಡ.

ಐದನೆಯ ಸಾಲಿಗೆ ಕೆಂಪು ಶಾಯಿಯಲ್ಲಿ ಗೆರೆ ಎಳೆಯಿರಿ. ಟ್ಯಾಬ್ಲೆಟ್ ನಿಂತಾಗ ಗಾಬರಿಯಲ್ಲಿ ಇಂಟರ್ನೆಟ್ಟಿನಲ್ಲಿ ‘ಕಸ್ಟಮರ್ ಕೇರ್’ ನಂಬರು ಹುಡುಕಿ ಫೋನ್ ಮಾಡಿದವರು ಎಷ್ಟೋ ಸಲ ಮೋಸಗಾರರ ಕೈಗೆ ಸಿಕ್ಕಿದ್ದಾರೆ. ‘ನಿಮ್ಮ ಸಿಮ್ ಇವತ್ತೇ ಬಂದ್ ಆಗುತ್ತದೆ, ಒಟಿಪಿ ಹೇಳಿ’ ಎಂದು ತಾವಾಗಿಯೇ ಫೋನ್ ಮಾಡುವವರೂ ಇದ್ದಾರೆ. ‘ಈ ಆ್ಯಪ್ ಹಾಕಿಕೊಳ್ಳಿ, ನಾನೇ ಸರಿಮಾಡುತ್ತೇನೆ’ ಎನ್ನುವವರು ನಿಮ್ಮ ಪರದೆಯನ್ನು ಅಲ್ಲಿಂದಲೇ ನೋಡುತ್ತಾ ಕೂತಿರುತ್ತಾರೆ. ಡೇಟಾ ಬರಲು ಒಟಿಪಿಯನ್ನು ಯಾರಿಗೂ ಹೇಳಬೇಕಾಗಿಲ್ಲ. ಕಂಪನಿಯ ಸಹಾಯ ಬೇಕಿದ್ದರೆ ಸಿಮ್ ಕೊಂಡ ಅಂಗಡಿಗೇ ಹೋಗಿ.

ಅಪ್ಪಿತಪ್ಪಿ ಹಣ ಹೋದರೆ ನಾಚಿಕೊಂಡು ಮುಚ್ಚಿಡಬೇಡಿ. ತಕ್ಷಣ 1930ಕ್ಕೆ ಫೋನ್ ಮಾಡಿ. ಅದು ಸೈಬರ್ ವಂಚನೆಗೆಂದೇ ಇರುವ ಸರ್ಕಾರದ ಸಹಾಯವಾಣಿ. ಬೇಗ ತಿಳಿಸಿದಷ್ಟೂ ಹಣವನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು. ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಎಂದು ತಿಳಿಯಲು 2023ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ‘ಸಂಚಾರ್ ಸಾಥಿ’ ಇದೆ. ಗೊತ್ತಿಲ್ಲದ ನಂಬರು ಕಂಡರೆ ಅದು ನಿಮ್ಮದಲ್ಲ ಎಂದು ಅಲ್ಲೇ ತಿಳಿಸಬಹುದು.

ನೋಡಿ, ಗುಂಡಿ ಎಲ್ಲಿದೆ ಎಂಬುದು ಮಕ್ಕಳಿಗೆ ಬೇಗ ಗೊತ್ತಾಗುತ್ತದೆ. ಯಾರನ್ನು ನಂಬಬೇಕು, ಯಾರನ್ನು ನಂಬಬಾರದು ಎಂಬುದು ಬಾಳಿ ಬದುಕಿದ ಹಿರಿಯರಿಗೆ ಗೊತ್ತು. ಟ್ಯಾಬ್ಲೆಟ್ಟಿಗೆ ಎರಡೂ ಬೇಕು.

ಈ ವಾರದ ಮನೆಗೆಲಸ

ಮಕ್ಕಳೇ, ಎಲ್ಲ ಸರಿಯಾಗಿ ಜೋಡಿಸಿದ ಮೇಲೆ ಒಂದು ಕೆಲಸ ಮಾಡಿ. ಮೊಬೈಲ್ ಡೇಟಾವನ್ನು ಬೇಕೆಂದೇ ಆಫ್ ಮಾಡಿ ಟ್ಯಾಬ್ಲೆಟ್ಟನ್ನು ಅಜ್ಜಿಯ ಕೈಗೆ ಕೊಡಿ. ನೋಟ್‌ಬುಕ್ ನೋಡಿಕೊಂಡು ಅಜ್ಜಿಯೇ ಸರಿಮಾಡಲಿ. ಹತ್ತು ನಿಮಿಷವಾದರೂ ಆಗಲಿ, ನಿಮ್ಮ ಕೈ ಬೆನ್ನ ಹಿಂದೆಯೇ ಇರಲಿ. ಅಜ್ಜಿ ಗೆದ್ದ ಮೇಲೆ, ಟ್ರಂಕ್ ಕಾಲಿನ ಕಾಲದ ಒಂದು ಕತೆಯನ್ನು ಅವರಿಂದ ಹೇಳಿಸಿಕೊಳ್ಳಿ. ಅದಕ್ಕೆ ಡೇಟಾ ಬೇಕಾಗಿಲ್ಲ!