ಹೊಸ ಮೋಟಾರಿನ ಯೋಗಕ್ಷೇಮ

ಯೋಗಕ್ಷೇಮವೆಂಬುದು ನಾವು ಕಾಗದ ಬರೆಯುವಾಗಲೆಲ್ಲ ಬಳಸುವ ಮಾತು. ಅದರೊಳಗೆ ಎರಡು ಮಾತುಗಳು ಸೇರಿರುವುದನ್ನು ಮಾತ್ರ ಸಾಮಾನ್ಯವಾಗಿ ಗಮನಿಸುವುದಿಲ್ಲ. ಇಲ್ಲದುದನ್ನು ಪಡೆಯುವುದು ಯೋಗ. ಪಡೆದುದನ್ನು ಕಾಪಾಡಿಕೊಳ್ಳುವುದು ಕ್ಷೇಮ. ಮೊದಲನೆಯದು ಒಂದು ದಿನದಲ್ಲಿ ಮುಗಿಯತಕ್ಕದ್ದು, ಎರಡನೆಯದು ದಿನದಿನವೂ ನಡೆಯತಕ್ಕದ್ದು. ಮನೆ, ಹೊಲ, ವಿದ್ಯೆ, ಎಲ್ಲಕ್ಕೂ ಅನ್ವಯಿಸುವ ಈ ಮಾತು ಈಚಿನ ದಿನಗಳಲ್ಲಿ ನಮ್ಮ ಮನೆಗಳಿಗೆ ಬರುತ್ತಿರುವ ಮೋಟಾರುಗಳಿಗೂ ಅನ್ವಯಿಸುವುದೆಂದು ಬೇರೆ ಹೇಳಬೇಕಾದುದಿಲ್ಲ.

ನಂಜನಗೂಡು, ತಿರುಮಕೂಡಲು ನರಸೀಪುರ ಈ ಎರಡು ತಾಲ್ಲೂಕುಗಳ ತರುಣರು ಬೆಂಗಳೂರಿನಲ್ಲಿಯೂ ಹೊರದೇಶಗಳಲ್ಲಿಯೂ ದುಡಿದು, ಸ್ಪೋರ್ಟ್ಸ್ ಕಾರೆಂಬ ವೇಗದ ಬಂಡಿಯನ್ನು ಕೊಂಡು ಊರಿಗೆ ತರುವುದನ್ನು ಈಗ ಅಲ್ಲೊಂದು ಇಲ್ಲೊಂದು ಕಾಣುತ್ತೇವೆ. ಅದರ ಮೈ ತಗ್ಗು, ಬಾಗಿಲು ಎರಡೇ, ಬೆಲೆ ಮಾತ್ರ ಒಂದು ಮನೆಯಷ್ಟು. ನನ್ನ ಹಳೆಯ ಶಿಷ್ಯನೊಬ್ಬನು ಅಂತಹ ಬಂಡಿಯನ್ನು ತಂದವನು, ಅಂಗಡಿಯವರು ಕೊಟ್ಟ ಉದ್ದವಾದ ಪಟ್ಟಿಯೊಂದನ್ನು ನನ್ನ ಮುಂದೆ ಹಿಡಿದು, “ಮೇಷ್ಟ್ರೇ, ಇದರಲ್ಲಿ ಏನೇನು ಮಾಡಿಸಲಿ, ಏನನ್ನು ಬಿಡಲಿ?” ಎಂದು ಕೇಳಿದನು. ಮೈಗೆ ಹೊದಿಸುವ ಫಿಲ್ಮು, ಮೇಲಿನ ಲೇಪ, ಗಾಜಿನ ಕಪ್ಪು, ಅಗಲವಾದ ಚಕ್ರ, ಗರ್ಜಿಸುವ ಸೈಲೆನ್ಸರು, ಕಣ್ಣು ಕೋರೈಸುವ ದೀಪ, ಎಲ್ಲವೂ ಆ ಪಟ್ಟಿಯಲ್ಲಿದ್ದುವು. ಬಂಡಿ ಅಗ್ಗದ್ದಾದರೂ ತುಟ್ಟಿಯದಾದರೂ ಈ ಪ್ರಶ್ನೆ ಬಹು ಮನೆಗಳದು. ಆದುದರಿಂದ ಉತ್ತರವನ್ನು ಇಲ್ಲಿಯೇ ಬರೆಯುತ್ತೇನೆ.

ಮೊದಲು ಒಂದು ಕ್ರಮವನ್ನು ಇಟ್ಟುಕೊಳ್ಳೋಣ. ಜನರನ್ನು ಕಾಪಾಡುವುದು ಮೊದಲನೆಯದು, ಬಂಡಿಯ ಮೈಯನ್ನು ಕಾಪಾಡುವುದು ಎರಡನೆಯದು, ಅಲಂಕಾರವು ಮೂರನೆಯದು. ಅಲಂಕಾರವೆಂಬ ಶಬ್ದದಲ್ಲಿಯೇ ‘ಅಲಂ’ ಎಂಬುದಿದೆ. ಅದಕ್ಕೆ ಸಾಕು, ಪರ್ಯಾಪ್ತ ಎಂದು ಅರ್ಥ. ವಸ್ತುವನ್ನು ತನ್ನ ಕೆಲಸಕ್ಕೆ ಸಾಕಾಗುವಂತೆ ಮಾಡುವುದೇ ಅಲಂಕಾರ. ಅದನ್ನು ಮೀರಿದುದು ಹೊರೆ. ನಂಜನಗೂಡಿನ ದೊಡ್ಡ ಜಾತ್ರೆಯಲ್ಲಿ ಐದು ತೇರುಗಳನ್ನು ಎಳೆಯುವುದನ್ನು ವಾಚಕರು ಕಂಡಿರಬಹುದು. ನೋಡುವವರ ಕಣ್ಣು ಮೇಲಿನ ಬಟ್ಟೆ, ಬಾವುಟ, ಹೂಮಾಲೆಗಳ ಮೇಲಿರುವುದು. ಆದರೆ ತೇರು ಬೀದಿಯ ತಿರುವಿನಲ್ಲಿ ನೆಟ್ಟಗೆ ಹೊರಳುವುದೂ ನಿಲ್ಲಬೇಕಾದಲ್ಲಿ ನಿಲ್ಲುವುದೂ ಚಕ್ರದಡಿಗೆ ಮರದ ತುಂಡು ಕೊಡುವವರ ಕೈಯಲ್ಲಿದೆ. ಅವರು ಸಿದ್ಧರಾಗದೆ ಹಗ್ಗಕ್ಕೆ ಯಾರೂ ಕೈಹಾಕರು.

ನಮ್ಮಲ್ಲಿ ಹೊಸ ಬಂಡಿಗೆ ಮೊದಲ ಸಂಸ್ಕಾರವೆಂದರೆ ಪೂಜೆ. ಶ್ರೀಕಂಠೇಶ್ವರನ ಗುಡಿಯ ಮುಂದಾಗಲಿ ಗುಂಜಾ ನರಸಿಂಹಸ್ವಾಮಿಯ ಸನ್ನಿಧಿಯಲ್ಲಾಗಲಿ ಪೂಜೆ ಮಾಡಿಸುವುದು ಸಂತೋಷದ ವಿಷಯವೇ. ಆದರೆ ಒದ್ದೆ ಅರಿಸಿನ ಕುಂಕುಮಗಳನ್ನು ನೇರವಾಗಿ ಬಣ್ಣಕ್ಕೆ ಬಳಿದು ಬಿಸಿಲಿನಲ್ಲಿ ಒಣಗಲು ಬಿಟ್ಟರೆ ಕಲೆ ಉಳಿಯುವ ಸಂಭವವುಂಟು. ಗಾಜಿನ ಮೇಲೆ ಬೊಟ್ಟಿಟ್ಟರೂ ಅದು ಬೊಟ್ಟೇ. ಸಂಜೆಯೊಳಗೆ ನೀರಿನಿಂದ ತೊಳೆದರಾಯಿತು. ಕರ್ಪೂರದ ತಟ್ಟೆಯನ್ನು ಮೂತಿಯ ಮೇಲೆ ಇಡಬೇಡಿ. ತೆಂಗಿನಕಾಯಿಯನ್ನು ಬಂಡಿಯಿಂದ ದೂರದಲ್ಲಿ ಒಡೆಯಿರಿ. ಇದಕ್ಕಿಂತಲೂ ಮುಖ್ಯವಾದುದು ಬೂದುಗುಂಬಳ. ಆಯುಧಪೂಜೆಯ ದಿನ ಕುಂಕುಮ ತುಂಬಿದ ಕುಂಬಳಕಾಯನ್ನು ನಡುರಸ್ತೆಯಲ್ಲಿ ಒಡೆದು ಹಾಗೆಯೇ ಬಿಟ್ಟುಹೋದರೆ, ಅದರ ಲೋಳೆಯ ಮೇಲೆ ಹಿಂದಿನಿಂದ ಬರುವ ದ್ವಿಚಕ್ರದವನು ಜಾರಿಬೀಳುವನು. ನಮ್ಮ ಬಂಡಿಯ ದೃಷ್ಟಿ ತೆಗೆಯಲು ಪರರ ಮನೆಯ ಮಗನ ಕಾಲು ಮುರಿಯುವುದು ಯಾವ ಶಾಸ್ತ್ರಕ್ಕೂ ಸಮ್ಮತವಲ್ಲ. ಒಡೆದವರೇ ಹೋಳುಗಳನ್ನು ಬಳಿದು ಬದಿಗೆ ಹಾಕತಕ್ಕದ್ದು.

ಇನ್ನು ಬಂಡಿಯ ಮೈಯ ವಿಷಯ. ಕಾರ್ಖಾನೆಯಲ್ಲಿ ತಗಡಿನ ಮೇಲೆ ಹಚ್ಚುವ ಪದರಗಳೆಲ್ಲವೂ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನು ದಪ್ಪವಿರುವುವು. ಮೈಕ್ರಾನೆಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಅದರಲ್ಲಿ ಹೊಳಪು ಕೊಡುವ ಮೇಲಿನ ಪಾರದರ್ಶಕ ಪದರವು ಸುಮಾರು 40ರಿಂದ 50 ಮೈಕ್ರಾನು, ಎಂದರೆ ನಮ್ಮ ತಲೆಗೂದಲಿಗಿಂತಲೂ ತೆಳು. ಪ್ರತಿ ಸಲ ಉಜ್ಜಿ ಪಾಲಿಷು ಮಾಡಿಸಿದಾಗಲೂ ಈ ಪದರದಲ್ಲಿ ಸ್ವಲ್ಪ ಸವೆಯುವುದು. ಆದಕಾರಣ ಗೀರು ಬಿದ್ದ ಮೇಲೆ ಉಜ್ಜುವುದಕ್ಕಿಂತ ಗೀರು ಬೀಳದಂತೆ ನೋಡಿಕೊಳ್ಳುವುದೇ ಲೇಸು.

ಅಂಗಡಿಯವರು ಹೇಳುವ ಎರಡು ರಕ್ಷೆಗಳ ಭೇದವನ್ನು ತಿಳಿದಿರಬೇಕು. ಒಂದು ಪಾಲಿಯುರೆಥೇನಿನ ಪಾರದರ್ಶಕ ಫಿಲ್ಮು. ಇದು ಸಾಮಾನ್ಯವಾಗಿ 150ರಿಂದ 200 ಮೈಕ್ರಾನು ದಪ್ಪವಿದ್ದು, ಮುಂದಿನ ಬಂಡಿಯ ಚಕ್ರದಿಂದ ಸಿಡಿಯುವ ಜಲ್ಲಿಯ ಏಟನ್ನು ತಾನು ತಿನ್ನುವುದು. ಸಣ್ಣ ಗೀರುಗಳು ಬಿಸಿಲಿನ ಕಾವಿಗೆ ತಾವೇ ಮುಚ್ಚಿಕೊಳ್ಳುವುವು. ಇನ್ನೊಂದು ಸೆರಾಮಿಕ್ ಲೇಪ. ಇದರ ದಪ್ಪ ಕೆಲವೇ ಮೈಕ್ರಾನು. ನೀರು ನಿಲ್ಲದೆ ಜಾರುವುದು, ಕೊಳೆ ಸುಲಭವಾಗಿ ಬಿಡುವುದು, ಹೊಳಪು ಉಳಿಯುವುದು ಇದರ ಗುಣಗಳು. ಕಲ್ಲಿನ ಏಟನ್ನು ಇದು ತಡೆಯಲಾರದು. ಎರಡನ್ನೂ ಒಂದೆಂದು ಹೇಳಿ ಮಾರುವವರ ಮಾತನ್ನು ನಂಬಬೇಡಿ. ಕೈಯಲ್ಲಿರುವ ಹಣ ಮಿತವಾದುದಾದರೆ ಮೂತಿ, ಮುಂದಿನ ಬಂಪರು, ಕನ್ನಡಿಗಳ ಬೆನ್ನು, ಚಕ್ರದ ಹಿಂದಿನ ಅಂಚು, ಇಷ್ಟಕ್ಕೆ ಮಾತ್ರ ಫಿಲ್ಮು ಹಾಕಿಸಿದರೆ ಸಾಕು. ಕಲ್ಲು ಹೆಚ್ಚಾಗಿ ತಗಲುವುದು ಅಲ್ಲಿಯೇ. ಕಾರ್ಖಾನೆಯ ಬಣ್ಣವನ್ನು ಕಾವಿನಲ್ಲಿ ಒಣಗಿಸಿರುವುದರಿಂದ ಫಿಲ್ಮಿಗೆ ಕಾಯಬೇಕಾದುದಿಲ್ಲ. ಯಾವುದಾದರೂ ಭಾಗಕ್ಕೆ ಆಮೇಲೆ ಬಣ್ಣ ಹೊಡೆಸಿದ್ದರೆ ಮಾತ್ರ ಅದು ಚೆನ್ನಾಗಿ ಆರುವವರೆಗೆ ಕೆಲವು ವಾರ ತಡೆಯಬೇಕು.

ಫಿಲ್ಮಿಗಿಂತಲೂ ಅಗ್ಗವಾದ ರಕ್ಷೆ ಒಳ್ಳೆಯ ಅಭ್ಯಾಸ. ಬೆಳಗ್ಗೆ ಎದ್ದು ಒಣಬಟ್ಟೆಯಿಂದ ಧೂಳು ಒರೆಸುವುದು ನಮ್ಮಲ್ಲಿ ವಾಡಿಕೆ. ಹೊಳೆಯ ದಡದ ಊರುಗಳ ಧೂಳಿನಲ್ಲಿ ಮರಳಿನ ಕಣವಿರುವುದು. ಅದು ಬಣ್ಣಕ್ಕಿಂತ ಗಟ್ಟಿ. ಅದನ್ನು ಒಣಬಟ್ಟೆಯಲ್ಲಿ ತಿಕ್ಕುವುದೆಂದರೆ ಉಪ್ಪುಕಾಗದದಿಂದ ತಿಕ್ಕಿದಂತೆ. ಮೊದಲು ನೀರು ಸುರಿದು ಕೊಳೆಯನ್ನು ಇಳಿಸಿ, ಒಂದು ಬಕೆಟ್ಟಿನಲ್ಲಿ ಸಾಬೂನು ನೀರು, ಇನ್ನೊಂದರಲ್ಲಿ ಬಟ್ಟೆ ಜಾಲಿಸುವ ನೀರು ಇಟ್ಟುಕೊಂಡು, ನೆರಳಿನಲ್ಲಿ ತೊಳೆಯಿರಿ. ಕೊಳವೆಬಾವಿಯ ಗಡಸುನೀರು ಮೈಮೇಲೆ ಆರಿದರೆ ಬಿಳಿಯ ಚುಕ್ಕೆ ಬೀಳುವುದರಿಂದ ಮೆತ್ತನೆಯ ಬಟ್ಟೆಯಿಂದ ಒಡನೆಯೇ ಒರೆಸಬೇಕು. ಹಕ್ಕಿಯ ಹಿಕ್ಕೆಯನ್ನೂ ಮರದ ಅಂಟನ್ನೂ ಅಂದಂದೇ ನೆನೆಸಿ ತೆಗೆಯಬೇಕು. ಗದ್ದೆಯ ಬದಿಯ ಮನೆಗಳಲ್ಲಿ ಬಂಡಿ ವಾರಗಟ್ಟಲೆ ನಿಂತರೆ ಇಲಿ ಒಳಹೊಕ್ಕು ತಂತಿ ಕಡಿಯುವುದು. ಆಗಾಗ ಮೂತಿ ತೆರೆದು ನೋಡುತ್ತಿರಿ. ಹೊಳೆಗೆ ಮಾತ್ರ ಬಂಡಿಯನ್ನು ಇಳಿಸಬೇಡಿ. ಕಪಿಲೆಯ ಸ್ನಾನಘಟ್ಟದಲ್ಲಿಯೂ ಕಾವೇರಿ ಕಪಿಲೆಯರ ಸಂಗಮದಲ್ಲಿಯೂ ಜನರು ಮೀಯುವ ನೀರಿಗೆ ಎಣ್ಣೆ ಜಿಡ್ಡನ್ನು ಬಿಡುವುದು ಮನೆಯ ಕಸವನ್ನು ಗರ್ಭಗುಡಿಗೆ ಗುಡಿಸಿದಂತೆ.

ಇನ್ನು ನಮ್ಮ ಹಾದಿಗಳು. ಕೋಳಿಕ್ಕೋಡಿನಿಂದ ಹೊರಟು ಗುಂಡ್ಲುಪೇಟೆ, ನಂಜನಗೂಡು, ಮೈಸೂರು, ನರಸೀಪುರಗಳ ಮೇಲೆ ಕೊಳ್ಳೇಗಾಲಕ್ಕೆ ಹೋಗುವ 766ನೆಯ ರಾಷ್ಟ್ರೀಯ ಹೆದ್ದಾರಿಯು ನಮ್ಮ ಎರಡು ಊರುಗಳನ್ನೂ ಪೋಣಿಸಿದೆ. ಅನೇಕ ಸ್ಪೋರ್ಟ್ಸ್ ಕಾರುಗಳ ತಳವು ನೆಲದಿಂದ 12, 13 ಸೆಂಟಿಮೀಟರಿನಷ್ಟೇ ಎತ್ತರದಲ್ಲಿರುವುದು. ಭಾರತೀಯ ರಸ್ತೆ ಕಾಂಗ್ರೆಸ್ಸು ಹೇಳಿರುವ ಅಳತೆಯ ಹಂಪು 3.7 ಮೀಟರು ಅಗಲ, 10 ಸೆಂಟಿಮೀಟರು ಎತ್ತರ. ಊರವರು ತಾವೇ ಹಾಕಿಕೊಂಡ ದಿಣ್ಣೆಗಳಿಗೆ ಅಳತೆಯಿಲ್ಲ. ಅವನ್ನು ನಿಧಾನವಾಗಿ, ಸ್ವಲ್ಪ ಓರೆಯಾಗಿ, ಒಂದೊಂದೇ ಚಕ್ರ ಏರುವಂತೆ ದಾಟಬೇಕು. ಸುಗ್ಗಿಯಲ್ಲಿ ರೈತರು ಹುರುಳಿ, ರಾಗಿಗಳನ್ನು ರಸ್ತೆಯ ಮೇಲೆಯೇ ಹರಡಿ ಒಕ್ಕುವುದುಂಟು. ಆ ಹುಲ್ಲು ತಗ್ಗು ಬಂಡಿಯ ತಳಕ್ಕೆ ಸುತ್ತಿಕೊಂಡು, ಕಾದ ಹೊಗೆಕೊಳವೆಗೆ ತಗಲಿ ಹೊತ್ತಿಕೊಳ್ಳಬಹುದು. ಅಂತಹ ಕಣವನ್ನು ಕಂಡರೆ ಬದಿಯಲ್ಲಿ ಸಾಗಿ. ದಾಟಲೇಬೇಕಾಗಿ ಬಂದರೆ ಆಚೆ ನಿಲ್ಲಿಸಿ ತಳವನ್ನು ನೋಡಿ. ಅಳಗಂಚಿಯ ಸಕ್ಕರೆ ಕಾರ್ಖಾನೆಗೆ ಹೊರೆಹೊತ್ತು ಹೋಗುವ ಟ್ರಾಕ್ಟರುಗಳ ಹಿಂದೆ, ಕಬ್ಬಿನ ಜಲ್ಲೆ ಜಾರಿಬಿದ್ದರೂ ನಿಲ್ಲಿಸುವಷ್ಟು ಅಂತರವಿರಲಿ.

ಮಳೆಗಾಲದಲ್ಲಿ ಇನ್ನೊಂದು ಅಪಾಯ. 2018 ಮತ್ತು 2019ರಲ್ಲಿ ಕಬಿನಿ ಜಲಾಶಯದಿಂದ ನೀರು ಹೆಚ್ಚಾಗಿ ಬಿಟ್ಟಾಗ ನಂಜನಗೂಡಿನ ಹತ್ತಿರ ಮಲ್ಲನಮೂಲೆಯ ಬಳಿ ಹೆದ್ದಾರಿಯ ಮೇಲೆಯೇ ಹೊಳೆ ಹರಿಯಿತು. ನಿಂತ ನೀರಿನಲ್ಲಿ ತಗ್ಗು ಬಂಡಿಯನ್ನು ನುಗ್ಗಿಸಿದರೆ ಗಾಳಿಯೊಡನೆ ನೀರೂ ಎಂಜಿನಿನೊಳಕ್ಕೆ ಹೋಗುವುದು. ಗಾಳಿಯನ್ನು ಒತ್ತಬಹುದು, ನೀರನ್ನು ಒತ್ತಲಾಗದು. ಒಳಗಿನ ಉಕ್ಕಿನ ದಂಡಗಳು ಬಾಗಿಹೋಗುವುವು. ನೀರಿನಲ್ಲಿ ನಿಂತುಹೋದ ಬಂಡಿಯನ್ನು ಮತ್ತೆ ಚಾಲೂ ಮಾಡಲು ಯತ್ನಿಸಬೇಡಿ. ತಳ್ಳಿಸಿ ಹೊರಕ್ಕೆ ತಂದು ಬಲ್ಲವರಿಗೆ ಒಪ್ಪಿಸಿ. ಇಂತಹ ಹಾನಿಯು ಸಾಮಾನ್ಯ ವಿಮೆಯಲ್ಲಿ ಸೇರದೆ ಹೋಗುವುದುಂಟು. ಎಂಜಿನಿನ ರಕ್ಷೆಯನ್ನು ಪ್ರತ್ಯೇಕವಾಗಿ ಸೇರಿಸಿದೆಯೇ ಎಂದು ಪಾಲಿಸಿಯನ್ನು ಓದಿ ನೋಡಿಕೊಳ್ಳಿ.

ಅಲಂಕಾರಕ್ಕೆ ಬಂದರೆ ಅಲ್ಲಿ ಕಾನೂನಿನ ಗೆರೆಯಿದೆ. 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಪ್ರಕರಣದಂತೆ, ತಯಾರಕರು ನಿಗದಿಮಾಡಿದ ಮೂಲಲಕ್ಷಣಗಳು ನೋಂದಣಿಪತ್ರದಲ್ಲಿದ್ದುದಕ್ಕಿಂತ ಬೇರೆಯಾಗುವಂತೆ ಒಡೆಯನು ಬಂಡಿಯನ್ನು ಮಾರ್ಪಡಿಸಕೂಡದು. ಇದನ್ನೇ ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ ಒಂದೊಂದು ಅಕ್ರಮ ಮಾರ್ಪಾಡಿಗೂ 5,000 ರೂಪಾಯಿ ದಂಡ, ಇಲ್ಲವೆ ಆರು ತಿಂಗಳವರೆಗೆ ಸೆರೆ, ಇಲ್ಲವೆ ಎರಡೂ ಆಗಬಹುದು. ಬಂಡಿಯ ಬಣ್ಣವನ್ನೇ ಬದಲಿಸುವುದಾದರೆ ಪ್ರಾದೇಶಿಕ ಸಾರಿಗೆ ಕಚೇರಿಯ ಒಪ್ಪಿಗೆ ಪಡೆದು ನೋಂದಣಿಪತ್ರದಲ್ಲಿ ಬರೆಯಿಸಬೇಕು. ಗಾಜಿಗೆ ಕಪ್ಪು ಫಿಲ್ಮು ಅಂಟಿಸುವುದನ್ನು 2012ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು ನಿಷೇಧಿಸಿತು. ಮುಂದಿನ ಹಿಂದಿನ ಗಾಜುಗಳಲ್ಲಿ ನೂರಕ್ಕೆ 70, ಪಕ್ಕದವುಗಳಲ್ಲಿ ನೂರಕ್ಕೆ 50ರಷ್ಟಾದರೂ ಬೆಳಕು ಹಾಯಬೇಕೆಂಬುದು ನಿಯಮ. ಗರ್ಜಿಸುವ ಸೈಲೆನ್ಸರನ್ನು ಕಾನೂನು ಒಪ್ಪದು. ರಾತ್ರಿ ಹನ್ನೊಂದಕ್ಕೆ ತೊಟ್ಟಿಲ ಮಗು ಬೆಚ್ಚಿಬಿದ್ದ ಮನೆಯವರೂ ಒಪ್ಪರು. ಏನನ್ನೇ ಬದಲಿಸಿದರೂ ವಿಮೆಯವರಿಗೆ ಬರವಣಿಗೆಯಲ್ಲಿ ತಿಳಿಸಿ. ಮುಚ್ಚಿಟ್ಟ ಮಾರ್ಪಾಡು ಪರಿಹಾರ ಕೇಳುವ ದಿನ ಹೊರಬೀಳುವುದು.

ಕೊನೆಯಲ್ಲಿ ಹೇಳುವುದಾದರೂ ಕ್ರಮದಲ್ಲಿ ಮೊದಲನೆಯದು ಜನರ ರಕ್ಷಣೆ. ಇದಕ್ಕೆ ಬೇಕಾದ ಸಾಧನಗಳನ್ನು ತಯಾರಕರೇ ಕೊಟ್ಟಿರುವರು. ಅವನ್ನು ಕೆಡಿಸದಿದ್ದರೆ ಸಾಕು. ಅಪಘಾತದಲ್ಲಿ ಏರ್‌ಬ್ಯಾಗು ಕಣ್ಣೆವೆ ಇಕ್ಕುವುದಕ್ಕಿಂತಲೂ ಬೇಗ ಉಬ್ಬುವುದು. ಅದರ ಮುಚ್ಚಳದ ಮೇಲೆ ವಿಗ್ರಹವನ್ನೋ ಗಟ್ಟಿಯಾದ ಬೊಂಬೆಯನ್ನೋ ಅಂಟಿಸಿದ್ದರೆ ಅದೇ ಕವಣೆಕಲ್ಲಾಗಿ ಮುಖಕ್ಕೆ ಬಡಿಯುವುದು. ದೇವರ ಪಟವು ಚಿಕ್ಕದಾಗಿ, ಏರ್‌ಬ್ಯಾಗಿಲ್ಲದ ಕಡೆಯಲ್ಲಿರಲಿ. ಪೀಠಕ್ಕೆ ದಪ್ಪನೆಯ ಹೊದಿಕೆ ಹೊಲಿಸಿದರೆ ಪಕ್ಕದ ಏರ್‌ಬ್ಯಾಗು ತೆರೆಯದೆ ಹೋಗಬಹುದು. ಮುಂದೆ ಕಬ್ಬಿಣದ ಕಂಬಿ ಕಟ್ಟಿಸಿದರೆ ನಡೆದು ಹೋಗುವವನಿಗೂ ಅಪಾಯ, ಏರ್‌ಬ್ಯಾಗಿಗೆ ಸುದ್ದಿ ಮುಟ್ಟುವುದಕ್ಕೂ ಅಡ್ಡಿ. ಅದನ್ನು ತೆಗೆಸುವಂತೆ ಕೇಂದ್ರದ ಸಾರಿಗೆ ಮಂತ್ರಾಲಯವು 2017ರ ಡಿಸೆಂಬರಿನಲ್ಲಿ ರಾಜ್ಯಗಳಿಗೆ ಬರೆಯಿತು. ಸೀಟುಪಟ್ಟಿಯ ಗಂಟೆಯನ್ನು ಮೋಸಗೊಳಿಸುವ ಕೊಕ್ಕೆಗಳನ್ನು ಮಾರಾಟದಿಂದ ತೆಗೆಯುವಂತೆ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರಲ್ಲಿ ಮಾರಾಟ ಜಾಲಗಳಿಗೆ ಆಜ್ಞೆ ಮಾಡಿತು. ಆ ಗಂಟೆ ಮೊಳಗುವುದು ಬದುಕಲೆಂದೇ.

ಅದೇ ವರ್ಷ ಮೇ 29ರಂದು ನರಸೀಪುರದ ಹತ್ತಿರ ಕುರುಬೂರಿನ ಬಳಿ ಕಾರೊಂದಕ್ಕೂ ಬಸ್ಸಿಗೂ ಡಿಕ್ಕಿಯಾಗಿ ಹತ್ತು ಮಂದಿ ಪ್ರಾಣ ಕಳೆದುಕೊಂಡರು. ದೂರದ ಬಳ್ಳಾರಿಯ ಕಡೆಯಿಂದ ಯಾತ್ರೆಗೆ ಬಂದಿದ್ದ ಜನ. ನಾವು ದಿನವೂ ತಿರುಗಾಡುವ ದಾರಿ ಅದು. ಆ ದಿನವನ್ನು ನೆನೆದಾಗ ಮೈಮೇಲಿನ ಗೀರಿನ ಚಿಂತೆ ಎಷ್ಟು ಅಲ್ಪವೆಂದು ತೋರುವುದು.

ಆದುದರಿಂದ ಗೃಹಸ್ಥರು ಹಣವನ್ನು ಹೀಗೆ ಹಂಚಿಕೊಳ್ಳಲಿ. ಮೊದಲ ರೂಪಾಯಿ ಒಳ್ಳೆಯ ವಿಮೆಗೆ ಮತ್ತು ಟೈರುಗಳಿಗೆ. ತೆಳ್ಳನೆಯ ಟೈರು ಗುಂಡಿಗೆ ಬೇಗ ಒಡೆಯುವುದರಿಂದಲೂ, ಅನೇಕ ಸ್ಪೋರ್ಟ್ಸ್ ಕಾರುಗಳಲ್ಲಿ ಬದಲಿ ಚಕ್ರವೇ ಇಲ್ಲದಿರುವುದರಿಂದಲೂ, ವಾರಕ್ಕೊಮ್ಮೆ ಟೈರು ತಣ್ಣಗಿರುವಾಗ ಗಾಳಿಯ ಒತ್ತಡವನ್ನು ನೋಡಿಸಿ. ಎರಡನೆಯ ರೂಪಾಯಿ ಮೂತಿಯ ಫಿಲ್ಮಿಗೆ. ಮಿಕ್ಕಿದ್ದರೆ ಮಾತ್ರ ಕಾನೂನು ಒಪ್ಪುವ ಅಲಂಕಾರಕ್ಕೆ. ಮೊದಲ ಸಾವಿರ, ಒಂದೂವರೆ ಸಾವಿರ ಕಿಲೋಮೀಟರು ಕೈಪಿಡಿಯಲ್ಲಿ ಹೇಳಿದಂತೆ ಎಂಜಿನನ್ನು ಹದವಾಗಿ ಓಡಿಸಿ. ಅಷ್ಟರಲ್ಲಿ ಓಡಿಸುವವನ ಕೈಯೂ ಹದಗೊಳ್ಳುವುದು. ಮಗನ ಬಂಡಿಯಲ್ಲಿ ಗೀರು ಕಂಡು ತಂದೆ ನೊಂದುಕೊಳ್ಳುವನು. ತಾಯಿ ಮಾತ್ರ ಬಂಡಿಯನ್ನು ನೋಡದೆ, ಇಳಿದು ಬರುವ ಮಗನನ್ನು ನೋಡುವಳು. ಕ್ಷೇಮವೆಂಬ ಮಾತಿನ ಅರ್ಥವನ್ನು ಆಕೆಯಿಂದ ಕಲಿಯಬೇಕು.

ಎಲ್ಲರಿಗೂ ಕ್ಷೇಮವಾಗಲಿ.